ಎದುರು ಮನೆಯವರನ್ನು ನಾನು ಕರೆಯಲಿಲ್ಲ

ಜನಕ್ಕೆ ಬುದ್ಧಿ ಹೇಳುವುದಕ್ಕೆ ಸಂಬಳ ಕೊಡುತ್ತಾರಂತೆ ಎಂದು ನಾನು ಹೇಳಿದಾಗ ನನ್ನ ಗಂಡ ಫೋನಿನಲ್ಲೇ ನಕ್ಕುಬಿಟ್ಟರು. “ಇಷ್ಟು ವರ್ಷ ನಮಗೆ ಬಿಟ್ಟಿ ಹೇಳಿದ್ದಾಯ್ತು, ಇನ್ನು ಮೇಲಾದ್ರೂ ಸಂಬಳ ತಗೋ” ಎಂದರು. ಅವರು ಬ್ಯಾಂಕಿನವರು. ತುಮಕೂರಿನಿಂದ ನಮ್ಮನ್ನು ವಡೋದರಾಕ್ಕೆ ತಂದ ಬ್ಯಾಂಕೇ ಆರು ವರ್ಷ ಕಳೆದ ಮೇಲೆ ಅವರೊಬ್ಬರನ್ನು ಗುವಾಹಟಿಗೆ ಎತ್ತಿ ಹಾಕಿತು. ಮಗಳು ಆಗ ಹನ್ನೊಂದನೆಯ ತರಗತಿಯಲ್ಲಿದ್ದಳು. ನಡುವೆ ಶಾಲೆ ಬಿಡಿಸುವುದು ಬೇಡವೆಂದು ನಾನೂ ಅವಳೂ ಗೋರ್ವಾ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲೇ ಉಳಿದೆವು. ಎರಡು ವರ್ಷಕ್ಕೆ ಅವಳೂ ಅಹಮದಾಬಾದಿನ ಹಾಸ್ಟೆಲಿಗೆ ಹೋದಳು. ಯಾರ ಸಲುವಾಗಿ ಉಳಿದಿದ್ದೆನೋ ಅವಳೇ ಹೊರಟ ಮೇಲೂ ನಾನು ಅಲ್ಲೇ ಇದ್ದೆ, ಯಾಕೆಂದರೆ ಅಷ್ಟರಲ್ಲಿ ನನಗೆ ಆ ಕೆಲಸ ಸಿಕ್ಕಿತ್ತು.

ಕೆಲಸ ಒಂದು ಧರ್ಮಾರ್ಥ ಆಸ್ಪತ್ರೆಯವರದು. ಮೂವತ್ತು ದಾಟಿದ ಹೆಂಗಸರಿಗೆ ಸ್ತನದ ಕ್ಯಾನ್ಸರನ್ನೂ ಗರ್ಭಕೋಶದ ಬಾಯಿಯ ಕ್ಯಾನ್ಸರನ್ನೂ ಮೊದಲೇ ಕಂಡುಹಿಡಿಯುವ ಉಚಿತ ತಪಾಸಣೆ ಅವರು ನಡೆಸುತ್ತಿದ್ದರು. ಗೋರ್ವಾದ ಗಲ್ಲಿಗಳಲ್ಲಿ ಮನೆ ಮನೆ ತಿರುಗಿ, ರೋಗ ಎಂದರೇನು, ಪರೀಕ್ಷೆ ಎಂದರೇನು ಎಂದು ತಿಳಿಸಿ, ಹೆಂಗಸರನ್ನು ಒಪ್ಪಿಸಿ ಕ್ಯಾಂಪಿಗೆ ಕರೆತರುವುದು ನನ್ನ ಪಾಲಿಗೆ ಬಂತು. ಮೂರು ವರ್ಷದಲ್ಲಿ ನೂರಾರು ಹೆಂಗಸರನ್ನು ಕರೆತಂದೆ. ನನ್ನ ಫ್ಲ್ಯಾಟಿನ ಎದುರು ಬಾಗಿಲಿನಲ್ಲಿದ್ದ ಒಬ್ಬರನ್ನು ಮಾತ್ರ ಕರೆಯಲಿಲ್ಲ. ಆ ಊರಿನಲ್ಲಿ ನನ್ನವರು ಎಂದು ಇದ್ದವರು ಅವರೊಬ್ಬರೇ.

ಅವರು ಬಾಗಲಕೋಟೆ ಕಡೆಯವರು. ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು, ವಡೋದರಾದಲ್ಲೇ ನಿವೃತ್ತರಾಗಿ, ಎರಡು ಕೋಣೆಯ ಆ ಫ್ಲ್ಯಾಟು ಕೊಂಡು, ಅದರಲ್ಲಿ ನಾಲ್ಕು ವರ್ಷವೂ ಇರದೆ ತೀರಿಕೊಂಡಿದ್ದರು. ಮಗ ಸೂರತ್ತಿನಲ್ಲಿ ಒಂದು ವಜ್ರದ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಅದೇ ಊರಿನ ಕತಾರ್‌ಗಾಮ್ ಬಡಾವಣೆಯಲ್ಲಿ ಮನೆ ಮಾಡಿದ್ದ. ಬಂದಿರು ಎಂದು ಅವನು ಕರೆಯದೆ ಇರಲಿಲ್ಲ. ಇವರು ಹೋದರೆ ಹತ್ತು ದಿನಕ್ಕೆ ವಾಪಸು. “ಸೊಸಿ ಛಲೋ ಹುಡಿಗಿ. ಆದ್ರ ಮೊಮ್ಮಗನ ಕೂಡ ಮಾತಾಡಾಕ ನನಗ ಬರೂದಿಲ್ಲ, ಅವಂಗ ನನ್ನ ಮಾತ ತಿಳಿಯೂದಿಲ್ಲ. ಇಬ್ರೂ ಟಿವಿ ಮುಂದ ಕುಂದ್ರತೀವಿ” ಎನ್ನುತ್ತಿದ್ದರು.

ನಾನು ಮೊದಲ ದಿನ “ಆಂಟಿ” ಎಂದದ್ದಕ್ಕೆ ಬಾಗಿಲಲ್ಲೇ ಗದರಿಸಿದ್ದರು. “ಆಂಟಿ ಗೀಂಟಿ ಅನಬ್ಯಾಡ. ಕನ್ನಡದಾಕಿ ಸಿಕ್ಕೀದಿ ಅಂತ ನಾ ಖುಷಿಯಾದ್ರ, ನೀ ಇಂಗ್ಲಿಷ್ ಹಚ್ಚೀದಿ. ಅಕ್ಕಾ ಅನ್ನು.” ಅಂದಿನಿಂದ ಅಕ್ಕ. ವಯಸ್ಸಿನಲ್ಲಿ ನನಗಿಂತ ಹದಿನೆಂಟು ವರ್ಷ ದೊಡ್ಡವರು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡ ಅವರಿಗೆ ನಾಟಕದ ಮಾತಿನಂತೆ ಕೇಳುತ್ತಿತ್ತಂತೆ. ಕರ್ನಾಟಕದಲ್ಲೇ ಇದ್ದಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಅಣಕಿಸಿಕೊಂಡು ದೂರವೇ ಇರುತ್ತಿದ್ದೆವು. ಗೋರ್ವಾದಲ್ಲಿ ಹಾಗೆ ಮಾಡುವ ಅನುಕೂಲ ಇರಲಿಲ್ಲ.

ದಿನವಿಡೀ ನಾನು ಹರಕು ಗುಜರಾತಿಯಲ್ಲಿ ಹಿಂದಿ ಸೇರಿಸಿ ಮಾತಾಡಿ ಬರುತ್ತಿದ್ದೆ. ಮಗಳಿಗೆ ಫೋನ್ ಮಾಡಿದರೆ “ಮಮ್ಮಿ, ಕ್ಲಾಸಲ್ಲಿದ್ದೀನಿ, ಬಾದ್ ಮೇ ಕಾಲ್ ಮಾಡ್ತೀನಿ” ಎಂದು ಇಡುತ್ತಿದ್ದಳು. ಗಂಡ ಒಂಬತ್ತು ಗಂಟೆಗೆ ಸಿಗುತ್ತಿದ್ದರು, ಊಟ ಆಯಿತೇ, ಬಾಗಿಲು ಹಾಕಿಕೊಂಡೆಯಾ ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಸಂಜೆ ಆರಕ್ಕೆ ಅಕ್ಕನ ಮನೆಯಲ್ಲಿ ಒಂದು ಲೋಟ ಚಹಾ ಕುಡಿಯದಿದ್ದರೆ ನನ್ನ ಬಾಯಿಗೆ ಅದರ ಸ್ವಂತ ಭಾಷೆ ಮರೆತೇ ಹೋಗುತ್ತಿತ್ತೇನೋ. ಅವರು ಊರಿಗೆ ಹೋದ ದಿನಗಳಲ್ಲಿ ನಾನು ಕುಕ್ಕರಿನ ಜೊತೆ ಮಾತಾಡಿದ್ದುಂಟು. ಮೂರನೆಯ ಸೀಟಿಗೆ “ಸಾಕು, ಗೊತ್ತಾಯ್ತು” ಎಂದು ಗಟ್ಟಿಯಾಗಿ ಹೇಳಿ, ನಾನೇ ಬೆಚ್ಚಿದ್ದೆ.

ಕೆಲಸ ಮೊದಮೊದಲು ನೆಟ್ಟಗಾಗಲಿಲ್ಲ. ಮೊದಲ ಕ್ಯಾಂಪಿಗೆ ನಲವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದೆವು, ಏಳು ಜನ ಬಂದರು. ಅದರಲ್ಲಿ ನಾಲ್ವರು ಫ್ಯಾನಿನ ಗಾಳಿಗೆ ಬಂದವರು. ಪರದೆಯ ಮೇಲೆ ಗಡ್ಡೆಯ ಚಿತ್ರ ಮೂಡಿದ ಕೂಡಲೇ ಏಳು ಜನವೂ ಸೆರಗು ಮುಖಕ್ಕೆ ಎಳೆದುಕೊಂಡರು. ನಾನು ಕರಪತ್ರಗಳನ್ನು ಹಂಚಿದೆ. ಒಂದು ದಿನ ಅಂಗಡಿಯಲ್ಲಿ ಗಾಂಠಿಯಾ ಎನ್ನುವ ಕಡಲೆಹಿಟ್ಟಿನ ಕರಿದ ತಿಂಡಿ ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಬಿಚ್ಚಿದರೆ, ಅದು ನನ್ನದೇ ಕರಪತ್ರ. ‘ಹೆದರಬೇಡಿ, ಬೇಗ ಬನ್ನಿ’ ಎನ್ನುವ ಸಾಲಿನ ಮೇಲೆ ಎಣ್ಣೆ ಇಳಿದಿತ್ತು. ಮೂಗಿನ ತುದಿಯಲ್ಲಿ ಕೋಪ ಇರುವವಳು ನಾನು. ಈ ಊರಿನ ಹೆಂಗಸರಿಗೆ ತಮ್ಮ ಜೀವದ ಮೇಲೆ ಆಸೆಯೇ ಇಲ್ಲ ಎಂದು ಅಕ್ಕನ ಮುಂದೆ ಕೂಗಾಡಿದೆ. ಆ ಗಾಂಠಿಯಾವನ್ನು ಇಬ್ಬರೂ ತಿಂದು ಮುಗಿಸಿದೆವು.

ಬೇಸಿಗೆ ಶುರುವಾದಾಗ ಅಲ್ಲಿ ವರ್ಷಕ್ಕಾಗುವಷ್ಟು ಗೋಧಿ ತಂದು ತುಂಬುತ್ತಾರೆ. ಮನೆಯ ಮುಂದಿನ ಜಗಲಿಯ ಮೇಲೆ ಐದಾರು ಹೆಂಗಸರು ಕೂತು, ಗೋಧಿ ಹಸನು ಮಾಡಿ, ಹುಳು ಹಿಡಿಯದಿರಲೆಂದು ಹರಳೆಣ್ಣೆ ಸವರುತ್ತಾರೆ. ಇವತ್ತು ಇವಳ ಮನೆ, ನಾಳೆ ಅವಳ ಮನೆ. ಅಂಥದೊಂದು ಜಗಲಿಯಲ್ಲಿ ನಾನೂ ಕೂತು, ಅಂಗೈ ತುಂಬ ಎಣ್ಣೆ ಮಾಡಿಕೊಂಡು, ಪರೀಕ್ಷೆಯ ವಿಷಯ ತೆಗೆದೆ. ಆ ಮನೆಯ ಸೊಸೆ ತಲೆ ಎತ್ತದೆ, ನಾವು ಅಕ್ಕ ಎನ್ನುವ ಹಾಗೆ ‘ಬೆನ್’ ಎಂದು ಕರೆದು ಹೇಳಿದಳು: “ಬೆನ್, ನೀವು ಹೇಳೋದೆಲ್ಲ ಸರಿ. ಆದ್ರೆ ಸುಮ್ಮನೆ ಎದ್ದು ಹೇಗೆ ಬರೋದು? ಎಲ್ಲಿಗೆ ಅಂತ ಅತ್ತೆ ಕೇಳ್ತಾರೆ. ಕರೆದಿದ್ದಾರೆ ಅಂದ್ರೆ ಯಾರೂ ಮಾತಾಡೋದಿಲ್ಲ. ನೀವು ಕಾಗದ ಕೊಟ್ಟು ಹೋಗ್ತೀರಿ, ಕರೆಯೋದಿಲ್ಲ.”

ಆ ಮಾತು ನನಗೆ ನಾಟಿತು. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಹೇಗೆ ಕರೆಯುತ್ತೇವೆ? ಮನೆಗೆ ಹೋಗಿ, ಹಣೆಗೆ ಕುಂಕುಮ ಇಟ್ಟು, “ಬರಲೇಬೇಕು” ಎಂದರೆ ಯಾವ ಅತ್ತೆಯೂ ತಡೆಯುವುದಿಲ್ಲ. ಹಾಗೇ ಕರೆದರೇನು? ಆ ಸಂಜೆ ಅಕ್ಕನಿಗೆ ಹೇಳಿದೆ. ಅವರಿಗೆ ನನಗಿಂತ ಹುರುಪು ಬಂತು. ಒಳಗೆ ಹೋಗಿ ಕಪಾಟಿನ ಮೇಲಿನ ಅರೆಯಿಂದ ಒಂದು ಬೆಳ್ಳಿಯ ಕುಂಕುಮ ಭರಣಿ ತಂದರು. ಕಪ್ಪಾಗಿತ್ತು. ಅಲ್ಲೇ ಕೂತು ಉಜ್ಜಿ ಬೆಳಗಿಸಿ ನನ್ನ ಕೈಗಿಟ್ಟರು.

“ಇದನ್ನ ಒಯ್ಯಿ. ಪ್ಲಾಸ್ಟಿಕ್ ಡಬ್ಬಿ ಹಿಡಕೊಂಡ ಹೋದ್ರ ಯಾರ ಮರ್ಯಾದಿ ಕೊಡ್ತಾರ? ಎಂಟ ವರ್ಷಾತು, ನನಗ ಇದರ ಕೆಲಸ ಇಲ್ಲ.”

ನಾನು ಆ ಭರಣಿಯ ಕುಸುರಿ ಕೆಲಸ ನೋಡಿ “ಎಷ್ಟು ಚೆನ್ನಾಗಿದೆ ಅಕ್ಕ” ಎಂದೆ. ಅವರು ಹೇಳಿದ ಕೊನೆಯ ಮಾತಿನ ಕಡೆ ನನ್ನ ಮನಸ್ಸು ಹೋಗಲೇ ಇಲ್ಲ.

ಉಪಾಯ ಹೂಡಿದ ಮೊದಲ ತಿಂಗಳೇ ಫಲ ಕೊಟ್ಟಿತು. ಮನೆ ಮನೆಗೆ ಹೋಗಿ ಹಣೆಗೆ ಕುಂಕುಮ ಇಟ್ಟು, ಕೈಗೆ ನಾಲ್ಕು ಅಕ್ಷತೆ ಹಾಕಿ, “ಗುರುವಾರ ಬೆಳಿಗ್ಗೆ ನಮ್ಮಲ್ಲಿ ಬರಬೇಕು” ಎಂದೆ. ಹೆಂಗಸರು ನಕ್ಕರು, ನಾಚಿದರು, ಗುರುವಾರ ಒಳ್ಳೆ ಸೀರೆ ಉಟ್ಟು ಬಂದರು. ಕುರ್ಚಿ ಸಾಲದೆ ಜಮಖಾನ ಹಾಸಿಸಿದೆವು. ಒಬ್ಬಳು ತಲೆಗೆ ಮಲ್ಲಿಗೆ ಮುಡಿದು ಬಂದಿದ್ದಳು, ನರ್ಸು ಅವಳನ್ನು ಪರದೆಯ ಹಿಂದೆ ಕರೆದಾಗ “ಹೂ ತೆಗೀಬೇಕಾ?” ಎಂದು ಕೇಳಿದಳು. ಮುಸ್ಲಿಂ ಮನೆಗಳಿಗೆ ಕುಂಕುಮದ ಬದಲು ಖರ್ಜೂರದ ಪೊಟ್ಟಣ ಒಯ್ದೆ. ಅದನ್ನು ನೋಡಿ ನನ್ನ ಮೇಲಿನವರು ಯಾರನ್ನೂ ಬಿಡದ ಹೆಂಗಸು ಎಂದು ನನ್ನನ್ನು ಹೊಗಳಿದರು. ನಾನೂ ಹಾಗೆಯೇ ಅಂದುಕೊಂಡೆ. ಎರಡು ಮಕ್ಕಳ ತಾಯಿಯೊಬ್ಬಳಿಗೆ ರೋಗ ಮೊಳಕೆಯಲ್ಲೇ ಸಿಕ್ಕಿ ಗುಣವಾದಾಗ ಅವಳು ನನ್ನ ಕಾಲಿಗೆ ಬಿದ್ದಳು. ನನ್ನ ಕಾಲು ಆ ವರ್ಷ ನೆಲದ ಮೇಲಿರಲಿಲ್ಲ.

ಆ ದಿನಗಳಲ್ಲಿ ಒಂದು ಸಂಜೆ ಅಕ್ಕ ಚಹಾ ಸೋಸುತ್ತ ಕೇಳಿದ್ದರು: “ಆ ಪರೀಕ್ಷಾ ಮಾಡಿದ್ರ ಬ್ಯಾನಿ ಆಗತೈತೇನು?”

“ನೋವೇನೂ ಆಗಲ್ಲ ಅಕ್ಕ. ಡಾಕ್ಟ್ರಮ್ಮ ಕೈಯಲ್ಲಿ ಒತ್ತಿ ನೋಡ್ತಾರೆ, ಅನುಮಾನ ಬಂದ್ರೆ ಮಾತ್ರ ಮಷೀನು” ಎಂದು ನಾನು ದಿನಾ ಹೇಳುವ ಪಾಠವನ್ನೇ ಒಪ್ಪಿಸಿ, ಕ್ಯಾಂಪಿನ ಡ್ರೈವರು ತಡವಾಗಿ ಬಂದ ದೂರಿಗೆ ಹೋದೆ. ಅವರು ಹೂಂಗುಟ್ಟುತ್ತ ಕೇಳಿದರು. ಯಾಕೆ ಕೇಳಿದಿರಿ ಎಂದು ನಾನು ವಾಪಸು ಕೇಳಲಿಲ್ಲ. ಇಡೀ ದಿನ ಅದೇ ವಿಷಯ ಮಾತಾಡಿ ಬಂದವಳಿಗೆ ಆ ಒಂದು ಗಂಟೆಯಲ್ಲಿ ಬೇರೆ ಏನಾದರೂ ಬೇಕಿತ್ತು. ಅಂದು ಅಕ್ಕನ ಎದೆಯಲ್ಲಿ ಗಡ್ಡೆ ಆಗಲೇ ಇತ್ತು ಎನ್ನುವುದು ನನಗೆ ಗೊತ್ತಾಗಲು ಇನ್ನೂ ಏಳು ತಿಂಗಳು ಬೇಕಾಯಿತು.

ಗೊತ್ತಾದದ್ದು ಹೀಗೆ. ವರ್ಷಕ್ಕೊಮ್ಮೆ ಊರ ನಡುವಿನ ಅಲಕಾಪುರಿಯ ಕಚೇರಿಯಲ್ಲಿ ನಮ್ಮ ಕೆಲಸದ ಪರಿಶೀಲನೆ ಇರುತ್ತಿತ್ತು. ಹೊಸದಾಗಿ ಸೇರಿದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ರಿಜಿಸ್ಟರನ್ನು ಪುಟ ಪುಟ ತಿರುವಿ, “ಮೇಡಂ, ಗೋರ್ವಾದಲ್ಲಿ ವಿಧವೆಯರೇ ಇಲ್ವಾ?” ಎಂದಳು. ಹೆಸರಿನ ಪಕ್ಕದ ಅಂಕಣದಲ್ಲಿ ಮೇಲಿನಿಂದ ಕೆಳತನಕ ‘ವಿವಾಹಿತೆ’, ‘ವಿವಾಹಿತೆ’ ಎಂದು ನನ್ನದೇ ಅಕ್ಷರ. ನನಗೆ ರೇಗಿತು. ಬಂದವರನ್ನು ಬರೆದಿದ್ದೇನೆ, ಬಾರದವರನ್ನು ಎಲ್ಲಿಂದ ತರಲಿ ಎಂದೆ. ಅವಳು ಮೆತ್ತಗೆ, “ವಯಸ್ಸಾದವರಿಗೇ ಸ್ತನದ ಕ್ಯಾನ್ಸರ್ ಅಪಾಯ ಜಾಸ್ತಿ ಅಲ್ವಾ, ಅದಕ್ಕೆ ಕೇಳಿದೆ” ಎಂದಳು. ಅದು ನಾನೇ ಎಲ್ಲರಿಗೂ ಹೇಳುವ ಮಾತು.

ಆಟೋದಲ್ಲಿ ವಾಪಸು ಬರುವಾಗ ಒಬ್ಬೊಬ್ಬರೇ ಕಣ್ಣ ಮುಂದೆ ಬಂದರು. ನಾನು ಕುಂಕುಮ ಹಿಡಿದು ಹೋದಾಗ ಒಳಮನೆಗೆ ಸರಿದ ಒಬ್ಬ ಅತ್ತೆ. “ಸೊಸೆಗೆ ಇಡಿ ಬೆನ್” ಎಂದು ಕೈ ಹಿಂದಕ್ಕೆ ಕಟ್ಟಿಕೊಂಡ ಇನ್ನೊಬ್ಬಳು. ಹಪ್ಪಳ ಲಟ್ಟಿಸುವ ಮನೆಯಲ್ಲಿ ನಾನು ಒಬ್ಬೊಬ್ಬರ ಹಣೆಗೂ ಕುಂಕುಮ ಇಡುತ್ತ ಬಂದಾಗ ಮೂಲೆಯಲ್ಲಿ ಕೂತು ಲಟ್ಟಣಿಗೆ ನಿಲ್ಲಿಸದಿದ್ದವಳು. ಅವಳನ್ನು ನಾನೇ ದಾಟಿ ಮುಂದೆ ಹೋಗಿದ್ದೆ, ಮುಜುಗರ ಮಾಡಬಾರದೆಂದು. ಚಿಕ್ಕಂದಿನಿಂದ ಕಲಿತ ರೀತಿ ಅದು. ಕೈ ತಾನಾಗಿಯೇ ದಾಟುತ್ತದೆ. ನಮ್ಮ ಓಣಿಯ ತಿರುವು ಬರುವ ಹೊತ್ತಿಗೆ ನನಗೆ ಎದುರು ಮನೆಯ ಬಾಗಿಲು ನೆನಪಾಯಿತು.

ಮೆಟ್ಟಿಲು ಹತ್ತಿ, ನನ್ನ ಮನೆಗೆ ಹೋಗದೆ, ಅಕ್ಕನ ಗಂಟೆ ಒತ್ತಿದೆ. ಇನ್ನೂ ನಾಲ್ಕು ಗಂಟೆ. ಅವರು ಮಲಗಿ ಎದ್ದ ಮುಖದಲ್ಲೇ ಬಾಗಿಲು ತೆಗೆದರು.

“ಅಕ್ಕ, ನೀವು ಯಾವತ್ತಾದ್ರೂ ಪರೀಕ್ಷೆ ಮಾಡಿಸ್ಕೊಂಡಿದ್ದೀರಾ?”

“ಒಳಗ ಬಾ ಮೊದ್ಲ. ಚಾ ಕುಡಿ.”

“ಚಾ ಬೇಡ. ಹೇಳಿ.”

ಅವರು ಬಾಗಿಲು ಮುಂದೆ ಮಾಡಿದರು. ನನ್ನ ಕೈ ಹಿಡಿದು, ಸೆರಗಿನ ಕೆಳಗೆ ತಮ್ಮ ಎಡ ಎದೆಯ ಮೇಲ್ಭಾಗದಲ್ಲಿ ಇಟ್ಟುಕೊಂಡರು. ನಾನು ಡಾಕ್ಟರಲ್ಲ. ರಬ್ಬರಿನ ಮಾದರಿಯ ಮೇಲೆ ಹೆಂಗಸರಿಗೆ ಗಡ್ಡೆ ಹೇಗಿರುತ್ತದೆ ಎಂದು ಮುಟ್ಟಿಸಿ ತೋರಿಸುವವಳು. ಇದು ಅದಕ್ಕಿಂತ ದೊಡ್ಡದಿತ್ತು, ಗಟ್ಟಿಯಿತ್ತು, ಬೆರಳಿಗೆ ಸರಿದಾಡಲಿಲ್ಲ.

“ಎಷ್ಟು ದಿನದಿಂದ?”

“ಹ್ವಾದ ವರ್ಷ ಪಟದ ಹಬ್ಬದಾಗ ಕೈಗೆ ಹತ್ತಿತ್ತು. ಆಗ ಹುಣಚಿ ಬೀಜದಷ್ಟ ಇತ್ತು.”

ಅಲ್ಲಿ ಸಂಕ್ರಾಂತಿಗೆ ಗಾಳಿಪಟ ಹಾರಿಸುತ್ತಾರೆ. ನಾನು ಲೆಕ್ಕ ಹಾಕಿದೆ. ಅವರು ಭರಣಿ ಉಜ್ಜಿ ಕೊಟ್ಟದ್ದು ಅದಾದ ಎರಡು ತಿಂಗಳಿಗೆ. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಗಟ್ಟಿಯಾಗಿ ಕೂಗಿಬಿಟ್ಟೆ.

“ನಾನು ದಿನಾ ಬಂದು ಇದೇ ಕುರ್ಚೀಲಿ ಕೂತ್ಕೋತೀನಲ್ಲ! ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?”

“ನೀ ಕರದಿದ್ರ ಬರತಿದ್ನಿ.”

“ಕರೆಯೋಕೆ ಇದೇನು ಮದುವೇನಾ ಅಕ್ಕ?”

“ಮದುವಿ ಹಂಗ ಮಾಡಿದಾಕಿ ನೀನ ಅಲ್ಲೇನು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಭರಣಿ ಹಿಡಕೊಂಡು ದಿನಾ ನಮ್ಮ ಬಾಗಲಾ ದಾಟಿ ಇಳದ ಹೋಗ್ತಿದ್ದಿ. ಮೂರನೇ ಮಾಳಿಗಿಯವ್ರನ್ನ ಕರದಿ, ಕೆಳಗಿನ ವಾಚ್‌ಮನ್ನನ ಹೇಣ್ತಿನ್ನೂ ಕರದಿ. ಇದು ನಮ್ಮಂಥಾವ್ರಿಗಲ್ಲ ಅಂತ ತಿಳಕೊಂಡ್ನಿ.” ಸೆರಗು ಸರಿಮಾಡಿಕೊಂಡು, “ಸುಳ್ಳ ಯಾಕ ಹೇಳ್ಲಿ ತಂಗಿ, ಹೆದರಿಕೀನೂ ಇತ್ತು. ನೀ ಕರೀಲಿಲ್ಲ ಅನ್ನೂದು ನನಗೂ ಒಂದ ನೆಪ ಆತು” ಎಂದರು.

ಆ ಕೊನೆಯ ಮಾತನ್ನು ಅವರು ನನ್ನ ಭಾರ ಇಳಿಸಲೆಂದೇ ಸೇರಿಸಿದರೋ, ನಿಜವೇ ಹಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಭಾರ ಇಳಿಯಲಿಲ್ಲ.

ಮಾರನೆಯ ದಿನವೇ ಆಸ್ಪತ್ರೆಗೆ ಕರೆದೊಯ್ದೆ. ವಾರದೊಳಗೆ ಸೂಜಿ ಹಾಕಿ ತೆಗೆದ ಮಾದರಿ ಹೇಳಬೇಕಾದದ್ದನ್ನು ಹೇಳಿತು, ಸ್ಕ್ಯಾನು ಅದಕ್ಕಿಂತ ಹೆಚ್ಚು ಹೇಳಿತು. ಬೆನ್ನುಮೂಳೆಗೆ ಹೋಗಿದೆ, ಪೂರ್ತಿ ಗುಣವಾಗುವ ಹಂತ ದಾಟಿದೆ, ಔಷಧಿಯಿಂದ ತಡೆದು ಹಿಡಿಯಬಹುದು, ಎಷ್ಟು ದಿನ ಎಂದು ಹೇಳಲಾಗದು ಎಂದರು. ಮಗ ಸುದ್ದಿ ತಿಳಿದ ಸಂಜೆಯ ರೈಲಿಗೇ ಬಂದ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಮೌಶಿ, ನೀವಿದ್ದಿರಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ” ಎಂದ, ಅಷ್ಟೇ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಮೂರನೆಯ ದಿನ ಅಕ್ಕನನ್ನು ಸೂರತ್ತಿಗೆ ಕರೆದುಕೊಂಡು ಹೋದ. ಎದುರು ಬಾಗಿಲಿಗೆ ಬೀಗ ಬಿತ್ತು.

ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ನಿಂದೇನು ತಪ್ಪಿದೆ? ದೊಡ್ಡೋರು, ಅವ್ರೇ ಹೇಳ್ಬೇಕಾಗಿತ್ತು” ಎಂದರು. ಸಮಾಧಾನಕ್ಕೆ ಹೇಳಿದ್ದು, ಹೇಳಿ ಆಕಳಿಸಿದರು. ಭಾನುವಾರ ಬಸ್ಸು ಹತ್ತಿ ಅಹಮದಾಬಾದಿಗೆ ಮಗಳ ಹತ್ತಿರ ಹೋದೆ. ಹಾಸ್ಟೆಲಿನ ಎದುರಿನ ಹೋಟೆಲಿನಲ್ಲಿ ಕೂತು ಕನ್ನಡದಲ್ಲಿ ಶುರು ಮಾಡಿದೆ. ಅವಳು ಕಣ್ಣು ಕಿರಿದು ಮಾಡಿ ಕೇಳುತ್ತಿದ್ದಳು, ನಡುನಡುವೆ “ಅಂದ್ರೆ?” ಎನ್ನುತ್ತಿದ್ದಳು. ಅರ್ಧಕ್ಕೆ ಹಿಂದಿಗೆ ಹೊರಳಿದೆ. ‘ಗಲತಿ’ ಎಂದು ನನ್ನ ಬಾಯಲ್ಲೇ ಕೇಳಿದಾಗ ಅದು ಯಾರದೋ ತಪ್ಪಿನಂತೆ ಕೇಳಿಸಿತು. ಅವಳು ನನ್ನ ಕೈ ಮೇಲೆ ಕೈ ಇಟ್ಟಳು, ಒಳ್ಳೆಯ ಹುಡುಗಿ. ಆಮೇಲೆ ಗೆಳತಿಯ ಫೋನ್ ಬಂತು. ವಾಪಸು ಬರುವ ದಾರಿಯುದ್ದಕ್ಕೂ ನಾನು ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಇಷ್ಟು ದೊಡ್ಡ ಪ್ರಪಂಚದಲ್ಲಿ ಈ ವಿಷಯವನ್ನು ಕೂತು ಹೇಳಿಕೊಳ್ಳಬಹುದಾದ ಒಬ್ಬರೇ ಒಬ್ಬರು ಸೂರತ್ತಿನಲ್ಲಿ ಔಷಧಿ ಹಾಕಿಸಿಕೊಳ್ಳುತ್ತಿದ್ದರು.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಗೋರ್ವಾದ ವಿಧವೆಯರನ್ನೆಲ್ಲ ಒಂದು ಕ್ಯಾಂಪಿಗೆ ತರುತ್ತೇನೆ ಎಂದು ಹಟ ತೊಟ್ಟೆ. ಶಾಸ್ತ್ರ ಸಂಪ್ರದಾಯ ಸುಟ್ಟುಹೋಗಲಿ, ಅವರ ಹಣೆಗೂ ಕುಂಕುಮ ಇಟ್ಟೇ ಕರೆಯುತ್ತೇನೆ ಎಂದುಕೊಂಡು, ಮೊದಲು ಹಪ್ಪಳದ ಮನೆಗೆ ಹೋದೆ. ಮೂಲೆಯಲ್ಲಿ ಕೂತಿದ್ದವಳ ಹತ್ತಿರ ಸೀದಾ ಹೋಗಿ, ಅವಳು ಏನೆಂದು ತಿಳಿಯುವ ಮೊದಲೇ ಹಣೆಗೆ ಇಟ್ಟುಬಿಟ್ಟೆ. ಲಟ್ಟಣಿಗೆಗಳೆಲ್ಲ ನಿಂತವು. ಅವಳು ಸೆರಗಿನ ತುದಿಯಿಂದ ಹಣೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು, ಚರ್ಮ ಕೆಂಪಾಗುವ ತನಕ. “ಮುಂದಿನ ತಿಂಗಳು ನನ್ನ ಮಗಳ ನಿಶ್ಚಿತಾರ್ಥ. ನೀವು ನಾಳೆ ನಿಮ್ಮೂರಿಗೆ ಹೋಗ್ತೀರಿ ಬೆನ್, ನಾನು ಇಲ್ಲೇ ಇರಬೇಕು” ಎಂದಳು. ನನ್ನ ಸುಧಾರಣೆಗೆ ಅವಳ ಹಣೆಯೇ ಬೇಕಿತ್ತೇ? ತಪ್ಪಾಯಿತು ಎಂದು ಹೇಳಿ ಹೊರಗೆ ಬಂದೆ.

ಅಂದು ಸಂಜೆ ಸೂರತ್ತಿಗೆ ಫೋನ್ ಮಾಡಿ ಅಕ್ಕನಿಗೇ ಹೇಳಿದೆ. ಅವರಿಗೆ ಕೂದಲು ಉದುರಿತ್ತು, ಬಾಯಿ ಹುಣ್ಣಾಗಿತ್ತು, ಮಾತು ನಿಧಾನ.

“ಹುಚ್ಚಿ” ಎಂದರು. “ಒಮ್ಮೆ ಬಿಟ್ಟ ಹ್ವಾದಿ, ಒಮ್ಮೆ ಮೈಮ್ಯಾಲ ಬಿದ್ದಿ. ನಡುವ ಒಂದ ದಾರಿ ಇಲ್ಲೇನ ನಿನಗ?”

“ಮತ್ತೆ ಏನು ತಗೊಂಡು ಹೋಗ್ಲಿ ಅಕ್ಕ?”

“ಏನೂ ಒಯ್ಯಬ್ಯಾಡ. ಹೋಗಿ ಬಾಜೂಕ ಕುಂದ್ರು. ನಿಮ್ಮನ್ನ ಕರ್ಯಾಕ ಬಂದೀನಿ ಅನ್ನು, ಹೆಸರ ಹಿಡದು ಕರಿ. ಇಂಥವ್ರ ತಾಯಿ, ಇಂಥವ್ರ ಅತ್ತಿ ಅನ್ನಬ್ಯಾಡ. ನನ್ನ ಹೆಸರ ಹಿಡದು ಕರದವ್ರು ಈ ಒಂಬತ್ತ ವರ್ಷದಾಗ ಯಾರೂ ಇಲ್ಲ. ಬ್ಯಾಂಕಿನ್ಯಾಗ ಅಷ್ಟ ಕರೀತಾರ.”

ನಾನೂ ಎಂದೂ ಅವರ ಹೆಸರು ಹಿಡಿದು ಕರೆದವಳಲ್ಲ. ಹೆಸರು ಬಾಗಿಲಿನ ಮೇಲಿನ ಫಲಕದಲ್ಲಿಯೂ ಇರಲಿಲ್ಲ, ಅಲ್ಲಿದ್ದದ್ದು ಗಂಡನದು.

ಅವರು ಹೇಳಿದಂತೆ ಮಾಡಿದೆ. ಆಶಾ ಕಾರ್ಯಕರ್ತೆಯಿಂದ ಹೆಸರುಗಳನ್ನು ಕೇಳಿ ತಿಳಿದು, ಬರಿಗೈಯಲ್ಲಿ ಹೋಗಿ, ಪಕ್ಕದಲ್ಲಿ ಕೂತೆ. ನಿಧಾನದ ಕೆಲಸ ಅದು. ಒಂದೊಂದು ಮನೆಯಲ್ಲಿ ಅರ್ಧ ದಿನ ಹೋಗುತ್ತಿತ್ತು. ಹೆಸರು ಕೇಳಿ ಒಬ್ಬಳು ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡಿದಳು. ಇನ್ನೊಬ್ಬಳು, “ನನ್ನ ಜೀವ ಉಳಿಸಿ ಯಾರಿಗೆ ಏನಾಗಬೇಕು?” ಎಂದಳು. “ನನಗೆ ಬೇಕು” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಇವಳಿಗೆ ತಲೆ ಸರಿಯಿದೆಯೇ ಎಂಬಂತೆ. ಆದರೆ ಬರುತ್ತೇನೆ ಎಂದಳು. ಹಪ್ಪಳದ ಮನೆಗೆ ಕೊನೆಯಲ್ಲಿ ಹೋದೆ. ಅವಳು ಸರಿದು ಜಾಗ ಮಾಡಿಕೊಟ್ಟಳು. ನಾನು ಅವಳ ಜೊತೆ ಕೂತು ಹತ್ತು ಹಪ್ಪಳ ಲಟ್ಟಿಸಿದೆ. ಒಂದೂ ದುಂಡಗಾಗಲಿಲ್ಲ. ಹನ್ನೊಂದನೆಯದಕ್ಕೆ ಅವಳೇ ನಕ್ಕು, “ಯಾವ ವಾರ?” ಎಂದು ಕೇಳಿದಳು.

ಈ ನಡುವೆ ಎರಡು ಸಲ ಸೂರತ್ತಿಗೆ ಹೋಗಿ ಬಂದೆ. ಎರಡನೆಯ ಸಲ ಹೋದಾಗ ಅಕ್ಕ ಹಾಸಿಗೆ ಹಿಡಿದಿದ್ದರು. ಮೊಮ್ಮಗ ಮಂಚದ ಪಕ್ಕ ಮೊಬೈಲು ನೋಡುತ್ತ ಕೂತಿದ್ದ. ನಾನು ಹೊರಟಾಗ ಅವರು ನನ್ನ ಕೈ ಬಿಡಲಿಲ್ಲ. “ಇನ್ನ ಸ್ವಲ್ಪ ಕುಂದ್ರು. ಏನರೆ ಮಾತಾಡು. ಏನಿದ್ರೂ ನಡೀತೈತಿ, ಕನ್ನಡದಾಗ ಮಾತಾಡು” ಎಂದರು. ನಾನು ತುಮಕೂರಿನ ನಮ್ಮ ಬೀದಿಯ ಹಾಲಿನವನ ವಿಷಯ, ಶಾಲೆಯಲ್ಲಿ ಪಾಟಿ ಒಡೆದ ವಿಷಯ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋದೆ. ಅವರು ಕಣ್ಣು ಮುಚ್ಚಿ ಕೇಳಿದರು. ರೈಲು ತಪ್ಪಿತು, ಮುಂದಿನದಕ್ಕೆ ಹೋದೆ.

ಕ್ಯಾಂಪು ಒಂದು ಬುಧವಾರ ನಡೆಯಿತು. ಹೂವಿಲ್ಲ, ಒಳ್ಳೆ ಸೀರೆ ಇಲ್ಲ, ಗದ್ದಲ ಇಲ್ಲ. ತಿಳಿ ಬಣ್ಣದ ಸೀರೆಗಳಲ್ಲಿ ಒಬ್ಬೊಬ್ಬರಾಗಿ ಬಂದು, ಕರೆದಾಗ ಎದ್ದು, ಪರದೆಯ ಹಿಂದೆ ಹೋಗಿ ಬಂದರು. ಹಪ್ಪಳದವಳೂ ಬಂದಳು. ಇಬ್ಬರನ್ನು ಮುಂದಿನ ಪರೀಕ್ಷೆಗೆ ಬರಹೇಳಿದರು; ಒಬ್ಬಳದು ಬಹಳ ಸಣ್ಣದು, ಹೊತ್ತಿಗೆ ಸರಿಯಾಗಿ ಸಿಕ್ಕಿದೆ ಎಂದು ಡಾಕ್ಟರಮ್ಮ ಹೇಳಿದಳು. ಎಲ್ಲರೂ ಹೋದ ಮೇಲೆ ನಾನು ಖಾಲಿ ಕುರ್ಚಿಗಳ ನಡುವೆ ಕೂತು ಸೂರತ್ತಿಗೆ ಫೋನ್ ಹಚ್ಚಿದೆ. ಸೊಸೆ ಅದನ್ನು ಅಕ್ಕನ ಕಿವಿಗೆ ಹಿಡಿದಳು. ಉಸಿರಿನ ಸದ್ದು ಮೊದಲು ಕೇಳಿತು.

“ಎಷ್ಟ ಮಂದಿ ಬಂದಿದ್ರು?”

“ಹತ್ತೊಂಬತ್ತು ಜನ ಅಕ್ಕ.”

“ಎಲ್ಲಾರೂ ನನ್ನಂಥಾವ್ರ?”

“ಹೂಂ.”

“ಛಲೋ ಆತು” ಎಂದರು. ಲೈನು ಕಟ್ಟಾಯಿತೇನೋ ಎಂದು ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ ಅವರು ನಕ್ಕದ್ದು ಕೇಳಿತು, ನನ್ನನ್ನು ಕಾಡಿಸುವಾಗ ನಗುತ್ತಿದ್ದ ಹಾಗೆಯೇ, ಸಣ್ಣಗೆ.

“ನನ್ನ ಕರದಿದ್ರ ಇಪ್ಪತ್ತ ಆಗ್ತಿತ್ತ ನೋಡು.”

“ಹೂಂ ಅಕ್ಕ, ಆಗ್ತಿತ್ತು” ಎಂದೆ.